ಪಾಳಿ ಬದಲಾಗುವ ಹೊತ್ತಿನ ಮಗು

ಜುರಾಂಗ್ ಐಲ್ಯಾಂಡ್‌ನಲ್ಲಿ ಇಂದು ಯಾರ ಮನೆಯೂ ಇಲ್ಲ. ಸಿಂಗಪುರದ ನೈರುತ್ಯ ತೀರದಾಚೆ ಇದ್ದ ಏಳು ಪುಟ್ಟ ದ್ವೀಪಗಳ ನಡುವಿನ ಕಡಲನ್ನು ತುಂಬಿ ಅವನ್ನೆಲ್ಲ ಒಂದು ಮಾಡುವ ಕೆಲಸ 1995ರಲ್ಲಿ ಶುರುವಾಯಿತು. 2000ದ ಅಕ್ಟೋಬರ್ 14ರಂದು ಆಗಿನ ಪ್ರಧಾನಿ ಗೋ ಚೋಕ್ ಟಾಂಗ್ ಈ ದ್ವೀಪವನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಹಿಂದೆ ಮೀನುಗಾರರ ಹಳ್ಳಿಗಳಿದ್ದ ಕಡೆ ಈಗ ಸುಮಾರು 3,000 ಹೆಕ್ಟೇರ್ ಉದ್ದಗಲಕ್ಕೂ ತೈಲ ಶುದ್ಧೀಕರಣ ಘಟಕಗಳು, ರಾಸಾಯನಿಕ ಕಾರ್ಖಾನೆಗಳು, ದೈತ್ಯ ಟ್ಯಾಂಕುಗಳು ನಿಂತಿವೆ. ಅಮೆರಿಕದ ಮೇಲೆ ನಡೆದ 2001ರ ಸೆಪ್ಟೆಂಬರ್ ದಾಳಿಯ ನಂತರ ಇದು ರಕ್ಷಿತ ಪ್ರದೇಶ. ಪಾಸ್ ಇಲ್ಲದವರು ಸೇತುವೆ ದಾಟುವಂತಿಲ್ಲ. ಇಲ್ಲಿ ದುಡಿಯುವ ಸಾವಿರಾರು ಜನ, ಅವರಲ್ಲಿ ಕನ್ನಡಿಗ ಎಂಜಿನಿಯರುಗಳೂ ತಂತ್ರಜ್ಞರೂ ಸೇರಿ, ಪಾಳಿ ಮುಗಿಸಿ ಮರಳುವುದು ಜುರಾಂಗ್ ವೆಸ್ಟ್, ಬೂನ್ ಲೇ, ಕ್ಲೆಮೆಂಟಿಯಂಥ ಬಡಾವಣೆಗಳ ಫ್ಲಾಟುಗಳಿಗೆ. ಹಗಲು ರಾತ್ರಿ ಪಾಳಿಯಲ್ಲಿ ಬದುಕು ನಡೆಸುವ ಇಂಥ ಮನೆಯೊಂದು, ಹೆತ್ತವರಿಂದ ದೂರವಾದ ಮಗುವನ್ನು, ಅದರಲ್ಲೂ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಸಿಕೊಳ್ಳಬೇಕಾದ ಟೈಪ್ ಒನ್ ಮಧುಮೇಹದ ಮಗುವನ್ನು, ಸಾಕಬಹುದೇ? ಸಾಕಬಹುದು ಎಂಬುದು ಈ ಲೇಖನದ ವಾದ. ಅಂಥ ಮಗುವಿಗೆ ಸಂಸ್ಥೆಗಿಂತ ಮನೆಯೇ ಮೇಲು. ಆದರೆ ಆ ಮನೆಗೆ ಬರಿಯ ಮಮತೆಯನ್ನು ನಂಬಿ ಮಗುವನ್ನು ಒಪ್ಪಿಸಬಾರದು. ಮಗು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಪ್ರತಿ ಹೊತ್ತಿನಲ್ಲೂ ಅದರ ಚಿಕಿತ್ಸೆಯ ತಿಳಿವಳಿಕೆಯೂ ಬರಹದಲ್ಲಿ ಜೊತೆಗೇ ಹೋಗಬೇಕು. ಆ ಒಂದು ಶಿಸ್ತಿಲ್ಲದಿದ್ದರೆ ಎಷ್ಟು ಪ್ರೀತಿ ಇದ್ದರೂ ಸಾಲದು.

ಮೊದಲು ಕಾಯಿಲೆಯ ಸ್ವರೂಪ ನೋಡೋಣ. ನಮ್ಮ ಮನೆಗಳಲ್ಲಿ 'ಶುಗರ್' ಎಂದರೆ ನಡುವಯಸ್ಸಿನವರ ಮಾತ್ರೆ, ಬೆಳಗಿನ ವಾಕಿಂಗ್, ಸಿಹಿ ಬಿಟ್ಟ ಕಾಫಿ. ಟೈಪ್ ಒನ್ ಹಾಗಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಂದುಹಾಕುತ್ತದೆ. ಮಗು ಸಿಹಿ ತಿಂದದ್ದು, ಹೆತ್ತವರು ಮುದ್ದು ಮಾಡಿದ್ದು ಇದಕ್ಕೆ ಕಾರಣವಲ್ಲ. ಹೊರಗಿನಿಂದ ಇನ್ಸುಲಿನ್ ಕೊಡದಿದ್ದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ತುಂಬಿ, ವಾಂತಿ, ಏದುಸಿರು, ಅರೆಪ್ರಜ್ಞೆ ಒಂದರ ಹಿಂದೊಂದು ಬಂದು, ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಗಂಟೆಗಳಲ್ಲೇ ಜೀವಕ್ಕೆ ಕುತ್ತು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಬಾರಿ ಇನ್ಸುಲಿನ್ ಕೊಡುವವರೆಗೂ ಈ ಕಾಯಿಲೆಯ ಮಕ್ಕಳ ಮುಂದಿದ್ದದ್ದು ಸಾವೊಂದೇ. ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ ಎಂಬುದು ಇದರ ಇನ್ನೊಂದು ಮುಖ. ಇನ್ಸುಲಿನ್ ಸ್ವಲ್ಪ ಹೆಚ್ಚಾಗಿ, ಊಟ ತಡವಾಗಿ, ಮಗು ಓಡಿಯಾಡಿ ಆಡಿತೆಂದರೆ ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಜಾರುತ್ತದೆ. 'ಲೋ ಆಯ್ತು' ಎಂದು ಮನೆಯವರು ಕರೆಯುವುದು ಇದನ್ನೇ. ಬೆವರು, ನಡುಕ, ಕಾರಣವಿಲ್ಲದ ಸಿಟ್ಟು, ಮಂಪರು ಕಾಣಿಸಿದಾಗ ತಡಮಾಡದೆ 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಚಾಕೊಲೇಟ್ ಇದಕ್ಕೆ ಆಗದು. ಅದರಲ್ಲಿನ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ನಿಧಾನ ಮಾಡುತ್ತದೆ.

ಇದು ಅಪರೂಪದ ಕಾಯಿಲೆಯೂ ಅಲ್ಲ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ ಜಗತ್ತಿನಲ್ಲಿ 20 ವರ್ಷದೊಳಗಿನ 12 ಲಕ್ಷಕ್ಕೂ ಹೆಚ್ಚು ಮಂದಿಗೆ ಟೈಪ್ ಒನ್ ಇದೆ. ಅವರಲ್ಲಿ ಸುಮಾರು 2.29 ಲಕ್ಷ ಮಕ್ಕಳು ಭಾರತದವರು. ಇಷ್ಟು ದೊಡ್ಡ ಸಂಖ್ಯೆ ಬೇರೆ ಯಾವ ದೇಶದಲ್ಲೂ ಇರಲಿಲ್ಲ. ಈ ಮಕ್ಕಳಲ್ಲಿ ತಂದೆತಾಯಿ ತೀರಿಕೊಂಡವರು, ಜೈಲಿನಲ್ಲೋ ಕುಡಿತದಲ್ಲೋ ಕಳೆದುಹೋದ ಪೋಷಕರ ಮಕ್ಕಳು, ಹೊಡೆತಕ್ಕೆ ಬೆದರಿ ಹೊರಬಂದವರು ಇದ್ದೇ ಇರುತ್ತಾರೆ. ಕಾಯಿಲೆ ಬಂದದ್ದೇ ಮನೆ ಮುರಿಯುವುದಕ್ಕೆ ಕಾರಣವಾಗುವುದೂ ಉಂಟು. ಸೂಜಿಯ ಖರ್ಚು ತಡೆಯಲಾಗದೆ, ಹಾಗಲಕಾಯಿ ರಸದಲ್ಲೋ ನಾಟಿ ಪುಡಿಯಲ್ಲೋ ಗುಣವಾಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಇನ್ಸುಲಿನ್ ನಿಲ್ಲಿಸುವುದು ನಮ್ಮ ಹಳ್ಳಿಗಳಿಗೂ ಪೇಟೆಗಳಿಗೂ ಹೊಸದಲ್ಲ. ಅಂಥ ಮಗುವಿಗೆ ಇನ್ನೊಂದು ಮನೆ ಹುಡುಕುವ ಹೊಣೆ ಸಮಾಜದ್ದು.

ಸಂಸ್ಥೆಯೋ ಮನೆಯೋ?

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಸೂಜಿ, ಮೀಟರು, ಮಧ್ಯರಾತ್ರಿಯ ತಪಾಸಣೆ ಬೇಕಾದ ಮಗುವನ್ನು ತರಬೇತಿಯಿಲ್ಲದ ಮನೆಗೆ ಕೊಡುವುದೇಕೆ? ನರ್ಸ್ ಇರುವ ಬಾಲಮಂದಿರದಲ್ಲೇ ಇಟ್ಟರೆ ಕ್ಷೇಮವಲ್ಲವೇ? ಕಾಳಜಿಯಿಂದ ಹುಟ್ಟಿದ ಮಾತಿದು, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಆದರೆ ಮಗು ಸಂಸ್ಥೆಯಲ್ಲಿ ಬೆಳೆಯುವುದರ ಬೆಲೆ ಏನೆಂಬುದಕ್ಕೆ ಗಟ್ಟಿ ಪುರಾವೆಯಿದೆ. ರುಮೇನಿಯಾದ ಬುಕಾರೆಸ್ಟಿನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ವಿಜ್ಞಾನಿಗಳು ಅನಾಥಾಲಯಗಳಲ್ಲಿದ್ದ 136 ಎಳೆಯ ಮಕ್ಕಳನ್ನು ಚೀಟಿ ಎತ್ತಿದ ರೀತಿಯಲ್ಲಿ ಎರಡು ಗುಂಪು ಮಾಡಿ, ಒಂದು ಗುಂಪನ್ನು ಸಾಕುಮನೆಗಳಿಗೆ ಕಳಿಸಿ, ಎಲ್ಲರನ್ನೂ ವರ್ಷಗಟ್ಟಲೆ ಹಿಂಬಾಲಿಸಿದರು. ಸಾಕುಮನೆಗೆ ಹೋದವರ ಬುದ್ಧಿಯ ಬೆಳವಣಿಗೆಯೂ ಒಬ್ಬರನ್ನು ನಂಬಿ ಅಂಟಿಕೊಳ್ಳುವ ಶಕ್ತಿಯೂ ಸಂಸ್ಥೆಯಲ್ಲೇ ಉಳಿದವರಿಗಿಂತ ಎದ್ದುಕಾಣುವಷ್ಟು ಚೆನ್ನಾಗಿದ್ದವು. ಎರಡು ವರ್ಷ ತುಂಬುವ ಮೊದಲೇ ಮನೆ ಸಿಕ್ಕವರಿಗೆ ಹೆಚ್ಚಿನ ಲಾಭವಾಯಿತು. ಟೈಪ್ ಒನ್ ಇರುವ ಮಗುವಿಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ಈ ಕಾಯಿಲೆಯಲ್ಲಿ ಅರ್ಧ ಚಿಕಿತ್ಸೆ ಎಂದರೆ ಗಮನ. ಮಗು ಇಂದು ಯಾಕೆ ಮಂಕಾಗಿದೆ, ಊಟದ ತಟ್ಟೆಯಲ್ಲಿ ಎಷ್ಟು ಬಿಟ್ಟಿತು, ರಾತ್ರಿ ಬೆವರಿತೇ ಎಂಬುದೆಲ್ಲ ಮಗುವನ್ನು ದಿನವೂ ನೋಡುವ ಕಣ್ಣಿಗಷ್ಟೇ ಹೊಳೆಯುತ್ತದೆ. ನಲವತ್ತು ಮಕ್ಕಳ ನಡುವೆ ಓಡಾಡುವ, ವಾರಕ್ಕೊಮ್ಮೆ ಬದಲಾಗುವ ಸಿಬ್ಬಂದಿಗೆ ಅದು ಹೊಳೆಯುವುದು ಕಷ್ಟ. ಇನ್ನು ತರಬೇತಿಯ ಮಾತು. ಹೆತ್ತ ತಾಯಿಯೂ ಮಗುವಿನ ಕಾಯಿಲೆ ಗೊತ್ತಾದ ದಿನ ಏನೂ ಅರಿಯದವಳೇ. ಆಸ್ಪತ್ರೆಯ ಕೆಲವು ದಿನಗಳಲ್ಲಿ ಆಕೆ ಇನ್ಸುಲಿನ್ ಪೆನ್ ಹಿಡಿಯುವುದನ್ನೂ ಡೋಸ್ ಲೆಕ್ಕವನ್ನೂ ಕಲಿತೇ ಮನೆಗೆ ಬರುತ್ತಾಳೆ. ಆಕೆಗೆ ಕಲಿಸಬಹುದಾದ್ದನ್ನು ಸಾಕುತಾಯಿಗೂ ಸಾಕುತಂದೆಗೂ ಕಲಿಸಬಹುದು.

ಕಲಿಕೆ ವ್ಯರ್ಥವಾಗುವುದಿಲ್ಲ ಎಂಬುದಕ್ಕೂ ದಾಖಲೆ ಇದೆ. 1983ರಿಂದ 1993ರವರೆಗೆ ಅಮೆರಿಕ ಮತ್ತು ಕೆನಡಾದಲ್ಲಿ 1,441 ಟೈಪ್ ಒನ್ ರೋಗಿಗಳ ಮೇಲೆ ನಡೆದ ಡಿಸಿಸಿಟಿ ಎಂಬ ದೊಡ್ಡ ಅಧ್ಯಯನ ಗ್ಲೂಕೋಸನ್ನು ಬಿಗಿಯಾಗಿ ಹತೋಟಿಯಲ್ಲಿಡುವುದರ ಫಲವನ್ನು ಅಳೆಯಿತು. ಮೊದಲು ಕಣ್ಣಿನ ತೊಂದರೆ ಇಲ್ಲದಿದ್ದವರಲ್ಲಿ ಅಕ್ಷಿಪಟಲ ಕೆಡುವ ಅಪಾಯ ಶೇ 76ರಷ್ಟು ತಗ್ಗಿತ್ತು. ಮೂತ್ರಪಿಂಡ ಮತ್ತು ನರಗಳ ಹಾನಿಯೂ ಗಣನೀಯವಾಗಿ ಕಡಿಮೆಯಾಗಿತ್ತು. ಹತ್ತು ವರ್ಷದ ಮಗುವಿನ ಇಂದಿನ ದಿನಚರಿಯೇ ಅದರ ಮೂವತ್ತನೆಯ ವಯಸ್ಸಿನ ದೃಷ್ಟಿಯನ್ನು ನಿರ್ಧರಿಸುತ್ತದೆ ಎಂದು ಇದರರ್ಥ. ಔಷಧದ ಬಗ್ಗೆ ಹೇಳುವುದಾದರೆ, ಅದು ದೂರದ ದೇಶದ ಕೊಡುಗೆಯಾಗಿಯೇ ಉಳಿದಿಲ್ಲ. ಬೆಂಗಳೂರಿನ ಬಯೋಕಾನ್ 2004ರಲ್ಲಿ ತನ್ನದೇ ಮಾನವ ಇನ್ಸುಲಿನ್ ಅನ್ನು ಮಾರುಕಟ್ಟೆಗೆ ತಂದಿತು. ಜುರಾಂಗ್ ಐಲ್ಯಾಂಡ್‌ಗೆ ಹತ್ತಿರದ ತುವಾಸ್‌ನಿಂದ ಸೇತುವೆ ದಾಟಿದರೆ ಸಿಗುವ ಮಲೇಷ್ಯಾದ ಜೊಹೋರ್ ರಾಜ್ಯದಲ್ಲಿ ಅದೇ ಕಂಪನಿಯ ದೊಡ್ಡ ಇನ್ಸುಲಿನ್ ಕಾರ್ಖಾನೆಯಿದೆ. ಬಾಟಲಿ ಮಗುವಿನ ಹತ್ತಿರಕ್ಕೆ ಬಂದಿದೆ. ಬಾಟಲಿಯಿಂದ ಮಗುವಿನ ತೊಡೆಯವರೆಗಿನ ಕೊನೆಯ ಒಂದು ಅಡಿಯಲ್ಲಿ ಯಾರ ಕೈಯಿದೆ, ಆ ಕೈಗೆ ಏನು ಗೊತ್ತಿದೆ ಎಂಬಲ್ಲಿ ಸರಪಳಿ ಕಡಿಯುತ್ತದೆ.

ಕಾರ್ಖಾನೆ ಕಲಿಸುವ ಪಾಠ

ಆ ಕೈ ಬದಲಾಗುವ ಕ್ಷಣವೇ ಅತ್ಯಂತ ಅಪಾಯದ್ದು ಎಂಬ ಸತ್ಯವನ್ನು ಜುರಾಂಗ್ ಐಲ್ಯಾಂಡ್‌ನ ಕೆಲಸಗಾರರಿಗೆ ಬಿಡಿಸಿ ಹೇಳಬೇಕಿಲ್ಲ. 1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆ ಸ್ಫೋಟಿಸಿ 167 ಮಂದಿ ಸತ್ತರು. ದುರಸ್ತಿಗಾಗಿ ಒಂದು ಪಂಪಿನ ಸುರಕ್ಷತಾ ಕವಾಟವನ್ನು ಹಗಲು ಪಾಳಿಯವರು ಕಳಚಿದ್ದರು. ಆ ಸಂಗತಿ ರಾತ್ರಿ ಪಾಳಿಯವರಿಗೆ ಸರಿಯಾಗಿ ತಲುಪಲಿಲ್ಲ. ಅವರು ಪಂಪನ್ನು ಚಾಲು ಮಾಡಿದರು. ಈ ದುರಂತದ ತನಿಖೆ ನಡೆಸಿದ ಲಾರ್ಡ್ ಕಲೆನ್ ಆಯೋಗ 1990ರಲ್ಲಿ ಕೊಟ್ಟ ವರದಿಯ 106 ಶಿಫಾರಸುಗಳು ಜಗತ್ತಿನ ತೈಲೋದ್ಯಮದ ನಡವಳಿಕೆಯನ್ನೇ ತಿದ್ದಿದವು. ಪಾಳಿ ಬಿಡುವವರು ಪಾಳಿ ಹಿಡಿಯುವವರಿಗೆ ಎದುರೆದುರು ನಿಂತು, ಬರೆದಿಟ್ಟ ಪುಸ್ತಕ ನೋಡಿ, ಯಾವುದು ನಡೆಯುತ್ತಿದೆ, ಯಾವುದು ನಿಂತಿದೆ, ಯಾವುದನ್ನು ಮುಟ್ಟಬಾರದು ಎಂದು ಹೇಳಿಯೇ ಹೊರಡಬೇಕೆಂಬುದು ಇಂದು ಅಂಥ ಕಾರ್ಖಾನೆಗಳಲ್ಲಿ ಉಸಿರಾಟದಷ್ಟು ಸಹಜ. ಸಾಕುಮಗುವಿನ ಬದುಕಿನಲ್ಲೂ ಪಾಳಿಗಳೇ ತುಂಬಿವೆ. ಹೆತ್ತ ಮನೆಯಿಂದ ತಾತ್ಕಾಲಿಕ ಆಶ್ರಯಕ್ಕೆ, ಅಲ್ಲಿಂದ ಸಾಕುಮನೆಗೆ, ಬೆಳಗ್ಗೆ ಶಾಲೆಗೆ, ಸಂಜೆ ಮನೆಗೆಲಸದ ಸಹಾಯಕಿಯ ಕೈಗೆ, ವಾರಾಂತ್ಯದಲ್ಲಿ ಹೆತ್ತವರ ಭೇಟಿಗೆ, ಮತ್ತೆ ಸಾಕುಮನೆಗೆ. ಪ್ರತಿ ಬದಲಾವಣೆಯಲ್ಲೂ ಕೊನೆಯ ಇನ್ಸುಲಿನ್ ಎಷ್ಟು ಹೊತ್ತಿಗೆ, ಎಷ್ಟು ಯೂನಿಟ್, ಕೊನೆಯ ರೀಡಿಂಗ್ ಎಷ್ಟು, ಏನು ತಿಂದಿತು ಎಂಬ ನಾಲ್ಕು ಸಂಗತಿ ದಾಟದಿದ್ದರೆ ಅದೇ ಡೋಸನ್ನು ಎರಡು ಸಲ ಕೊಡುವ ಅಥವಾ ಪೂರ್ತಿ ತಪ್ಪಿಸುವ ಪ್ರಮಾದ ಬಾಗಿಲಲ್ಲೇ ಕಾದಿರುತ್ತದೆ.

ಬರಹದ ಮೇಲೆ ಇಷ್ಟು ಒತ್ತು ಯಾಕೆ ಎಂಬುದಕ್ಕೆ ಎರಡು ಉದಾಹರಣೆ ಸಾಕು. ಕರ್ನಾಟಕದ ಮೀಟರುಗಳು ಗ್ಲೂಕೋಸನ್ನು ಡೆಸಿಲೀಟರಿಗೆ ಮಿಲಿಗ್ರಾಂನಲ್ಲಿ ತೋರಿಸುತ್ತವೆ. ಸಿಂಗಪುರದ ಆಸ್ಪತ್ರೆಗಳು ಲೀಟರಿಗೆ ಮಿಲಿಮೋಲ್‌ನಲ್ಲಿ ಹೇಳುತ್ತವೆ. ಅಲ್ಲಿನ 5.6 ಇಲ್ಲಿನ 100. ಅಲ್ಲಿನ 4 ಇಲ್ಲಿನ 72. ಊರಿನಿಂದ ಮಗನ ಮನೆಗೆ ಬಂದ ಅಜ್ಜಿ ತಾನೇ ಶುಗರ್ ಪರೀಕ್ಷಿಸಿಕೊಂಡು ಅನುಭವಿಯಾಗಿದ್ದರೂ 15 ಎಂಬ ಅಂಕಿ ನೋಡಿ 'ಲೋ' ಎಂದು ಗಾಬರಿಯಾಗಿ ಸಕ್ಕರೆ ಕೊಟ್ಟರೆ, ಅದಾಗಲೇ 270 ಇದ್ದ ಮಗುವಿಗೆ ಇನ್ನಷ್ಟು ಸಕ್ಕರೆ ಕೊಟ್ಟಂತೆ. ಎರಡನೆಯದು ಇನ್ನೂ ಘೋರ. ಭಾರತದಲ್ಲಿ ಇನ್ಸುಲಿನ್ ಬಾಟಲಿಗಳು ಮಿಲಿಲೀಟರಿಗೆ 40 ಯೂನಿಟ್ ಸಾಂದ್ರತೆಯಲ್ಲಿ ಈಗಲೂ ಧಾರಾಳವಾಗಿ ಮಾರಾಟವಾಗುತ್ತವೆ, ಅದಕ್ಕೆ ತಕ್ಕ ಸಿರಿಂಜೂ ಸಿಗುತ್ತದೆ. ಪೆನ್ನುಗಳ ಕಾರ್ಟ್ರಿಜ್ 100ರದ್ದು. 100ರ ಇನ್ಸುಲಿನ್ ಅನ್ನು 40ರ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್. ಪುಟ್ಟ ಮಗುವಿಗೆ ಅದು ಪ್ರಾಣಾಂತಿಕ. ಸಾಕುಮಗು ಮನೆ ಬದಲಿಸಿದಾಗ ಜೊತೆಗೆ ಬಂದ ಚೀಲದಲ್ಲಿ ಹಳೆಯ ಸಿರಿಂಜು, ಹೊಸ ಮನೆಯ ಫ್ರಿಜ್ಜಿನಲ್ಲಿ ಬೇರೆ ಬಾಟಲಿ ಇರುವ ಸಾಧ್ಯತೆ ಕಲ್ಪನೆಯದಲ್ಲ. ಆದ್ದರಿಂದ ಮಗುವಿನ ಜೊತೆ ಒಂದು ಪುಸ್ತಕ ಇರಲೇಬೇಕು. ಇನ್ಸುಲಿನ್‌ನ ಹೆಸರು, ಸಾಂದ್ರತೆ, ಯಾವ ಸಾಧನ, ಊಟಕ್ಕೆ ತಕ್ಕ ಡೋಸ್ ಲೆಕ್ಕ, ಮೀಟರಿನ ಮಾನ, ಲೋ ಆದರೆ ಮಾಡಬೇಕಾದ್ದು, ವಾಂತಿ ಜ್ವರ ಬಂದರೆ ಕೀಟೋನ್ ಪರೀಕ್ಷಿಸಬೇಕೆಂಬ ಸೂಚನೆ, ಮಗು ಊಟ ಮಾಡದಿದ್ದರೂ ದೀರ್ಘಾವಧಿ ಇನ್ಸುಲಿನ್ ನಿಲ್ಲಿಸಕೂಡದೆಂಬ ಎಚ್ಚರಿಕೆ, ರಾತ್ರಿ ಕರೆ ಮಾಡಬೇಕಾದ ಆಸ್ಪತ್ರೆಯ ನಂಬರು. ಸಾಕುವವರಿಗೆ ಓದಲು ಬರುವ ಭಾಷೆಯಲ್ಲಿ ಇದು ಇರಬೇಕು.

ಪಾಳಿ ಕೆಲಸದವರು ಇಂಥ ಮಗುವನ್ನು ಸಾಕಲು ತಕ್ಕವರಲ್ಲ ಎಂಬ ಎರಡನೆಯ ಆಕ್ಷೇಪಕ್ಕೂ ಉತ್ತರ ಇಲ್ಲೇ ಇದೆ. ಕಾರ್ಖಾನೆಯ ಅಪಾಯ ವಲಯದೊಳಕ್ಕೆ ಸಾಮಾನ್ಯ ಮೊಬೈಲ್ ಒಯ್ಯುವಂತಿಲ್ಲ. ಮಗುವಿನ ತೋಳಿನ ಸೆನ್ಸರ್ ಗ್ಲೂಕೋಸ್ ಕುಸಿಯುತ್ತಿದೆ ಎಂದು ಎಚ್ಚರಿಸಿದರೂ ಆ ಸಂದೇಶ ಲಾಕರಿನಲ್ಲಿರುವ ಫೋನಿಗೆ ಬಂದು ಬಿದ್ದಿರುತ್ತದೆ. ರಕ್ಷಿತ ದ್ವೀಪದಿಂದ, ನಡೆಯುತ್ತಿರುವ ಘಟಕವನ್ನು ಇನ್ನೊಬ್ಬರಿಗೆ ಒಪ್ಪಿಸದೆ, ಥಟ್ಟನೆ ಎದ್ದುಬರುವುದೂ ಆಗದು. ಇದು ನಿಜವಾದ ಮಿತಿ, ಮುಚ್ಚಿಡಬೇಕಾದ್ದಲ್ಲ. ಆದರೆ ಇದರಿಂದ ಆ ಮನೆಯೇ ಅನರ್ಹವೆಂದಾಗುವುದಿಲ್ಲ. ತರಬೇತಿ ಪಡೆದ ಎರಡನೆಯ ದೊಡ್ಡವರು ಬೇಕೇ ಬೇಕೆಂದಾಗುತ್ತದೆ. ಯಾವ ಹೊತ್ತಿನಲ್ಲಿ ಯಾರು ಹೊಣೆ ಎಂಬುದನ್ನು ವಾರದ ಪಾಳಿ ಪಟ್ಟಿಯ ಪಕ್ಕದಲ್ಲೇ ಬರೆದು ಅಂಟಿಸಬೇಕು. ಶಾಲೆ ಮೊದಲು ಕರೆಯಬೇಕಾದ್ದು ದ್ವೀಪದೊಳಗಿರುವವರ ನಂಬರಿಗಲ್ಲ. ಮನೆಗೆಲಸದ ಸಹಾಯಕಿ ಇದ್ದರೆ ಆಕೆಗೂ ಆಸ್ಪತ್ರೆಯಲ್ಲೇ ಕಲಿಸಬೇಕು, ಮಾತಿನಲ್ಲಿ ಹೇಳಿ ಬಿಡುವುದಲ್ಲ. ಒಂಬತ್ತರಿಂದ ಐದರ ನೌಕರಿಯವರ ಮನೆಯಲ್ಲೂ ಬೇಕಾದ್ದು ಇದೇ. ಪಾಳಿ ಮನೆಯವರಿಗೆ ಹೊಣೆ ಹಂಚಿಕೊಳ್ಳುವುದು ಮೊದಲೇ ರೂಢಿಯಾಗಿರುತ್ತದೆ ಅಷ್ಟೆ.

ಖರ್ಚು ಯಾರದ್ದು, ಅಧಿಕಾರ ಯಾರದ್ದು?

ಮೂರನೆಯ ಆಕ್ಷೇಪ ದುಡ್ಡಿನದು. ಸಿಂಗಪುರದಲ್ಲಿ ಪೋಷಕತ್ವ ಯೋಜನೆ, ಅಂದರೆ ಮಕ್ಕಳನ್ನು ಸಾಕುಮನೆಗೆ ಒಪ್ಪಿಸುವ ವ್ಯವಸ್ಥೆ, 1956ರಷ್ಟು ಹಳೆಯದು. ಈಗ ಸಾಮಾಜಿಕ ಮತ್ತು ಕುಟುಂಬ ಅಭಿವೃದ್ಧಿ ಸಚಿವಾಲಯ ಅದನ್ನು ನಡೆಸುತ್ತದೆ. ಬಾಯ್ಸ್ ಟೌನ್, ಎಪ್‌ವರ್ತ್, ಎಂಸಿವೈಸಿಯಂಥ ಸಂಸ್ಥೆಗಳು ಸಾಕುಮನೆಗಳ ಬೆನ್ನಿಗೆ ನಿಲ್ಲುತ್ತವೆ. ಸಾಕುವವರಿಗೆ ತಿಂಗಳ ಭತ್ಯೆ ಇದೆ, ವಿಶೇಷ ಅಗತ್ಯವಿರುವ ಮಗುವಿಗೆ ಅದು ಹೆಚ್ಚು. ಸರ್ಕಾರಿ ಆಸ್ಪತ್ರೆ ಮತ್ತು ಪಾಲಿಕ್ಲಿನಿಕ್‌ಗಳ ವೈದ್ಯಕೀಯ ವೆಚ್ಚವನ್ನೂ ಯೋಜನೆ ನೋಡಿಕೊಳ್ಳುತ್ತದೆ. ಮಕ್ಕಳ ರಕ್ಷಣೆಯ ಅಲ್ಲಿನ ಕಾನೂನನ್ನು 2019ರಲ್ಲಿ ತಿದ್ದಿ, 2020ರ ಜುಲೈನಿಂದ ವಯೋಮಿತಿಯನ್ನು 16ರಿಂದ 18ಕ್ಕೆ ಏರಿಸಿದ್ದು ಟೈಪ್ ಒನ್ ಮಕ್ಕಳ ಮಟ್ಟಿಗೆ ಸಣ್ಣ ಸಂಗತಿಯಲ್ಲ. ಹದಿಹರೆಯವೇ ಈ ಕಾಯಿಲೆಯಲ್ಲಿ ಹತೋಟಿ ಸಡಿಲಾಗುವ ಕಾಲ. ಕರ್ನಾಟಕದಲ್ಲಿ 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಂ ಪೋಷಕತ್ವಕ್ಕೆ ದಾರಿ ಮಾಡಿದೆ. 2016ರ ಕೇಂದ್ರ ಮಾರ್ಗಸೂಚಿಗಳನ್ನು 2024ರಲ್ಲಿ ಪರಿಷ್ಕರಿಸಿ, ಒಂಟಿ ವ್ಯಕ್ತಿಗಳೂ ಮಗುವನ್ನು ಸಾಕಲು ಅವಕಾಶ ಕೊಡಲಾಗಿದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಸಿಗುವುದು ತಿಂಗಳಿಗೆ ₹4,000. ಈಗ ಲೆಕ್ಕ ಹಾಕಿ. ಗ್ಲೂಕೋಸ್ ಸ್ಟ್ರಿಪ್ ಒಂದಕ್ಕೆ ₹20 ಎಂದು ಹಿಡಿದು ದಿನಕ್ಕೆ ಐದು ಸಲ ಪರೀಕ್ಷಿಸಿದರೆ ತಿಂಗಳಿಗೆ ₹3,000 ಅಲ್ಲೇ ಮುಗಿಯಿತು. ಉಳಿದ ₹1,000ದಲ್ಲಿ ಸೂಜಿ, ಆಸ್ಪತ್ರೆಗೆ ಬಸ್ಸು, ಆ ದಿನದ ಕೂಲಿ ನಷ್ಟ, ಹಾಲು, ಮೊಟ್ಟೆ, ಬಟ್ಟೆ, ಪುಸ್ತಕ ಎಲ್ಲವೂ ಆಗಬೇಕು. ಈ ಮೊತ್ತ ಹಿಡಿದು ಟೈಪ್ ಒನ್ ಮಗುವನ್ನು ಸಾಕಲು ಮುಂದೆ ಬನ್ನಿ ಎಂದು ಬಡ ಮನೆಯನ್ನು ಕರೆಯುವುದು ನ್ಯಾಯವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಟೈಪ್ ಒನ್ ಸೇರಿಲ್ಲವಾದ್ದರಿಂದ ಆ ಬಾಗಿಲೂ ಮುಚ್ಚಿದೆ.

ಆದರೆ ದಾರಿಯೇ ಇಲ್ಲವೆನ್ನುವಂತಿಲ್ಲ. ಪಕ್ಕದ ಕೇರಳದಲ್ಲಿ 'ಮಿಠಾಯಿ' ಎಂಬ ಸರ್ಕಾರಿ ಯೋಜನೆ ಟೈಪ್ ಒನ್ ಇರುವ ಮಕ್ಕಳಿಗೆ ಇನ್ಸುಲಿನ್, ಪೆನ್, ಗ್ಲೂಕೋಸ್ ಅಳೆಯುವ ಸಾಧನಗಳನ್ನು ಉಚಿತವಾಗಿ ಒದಗಿಸುತ್ತದೆ. ಆ ರಾಜ್ಯಕ್ಕೆ ಸೇರಿದ ಕಾಸರಗೋಡಿನ ಕನ್ನಡ ಮಗುವಿಗೂ ಅದು ಸಲ್ಲುವ ಯೋಜನೆ. ಹಕ್ಕೆಂದು ಬರೆದುಕೊಟ್ಟ ಸಾಮಗ್ರಿಗೂ ದಯೆಯಿಂದ ಸಿಗುವ ಸಾಮಗ್ರಿಗೂ ಇರುವ ವ್ಯತ್ಯಾಸ ದೊಡ್ಡದು. ಹಕ್ಕಾದದ್ದು ತಿಂಗಳ ಕೊನೆಯಲ್ಲಿ ನಿಲ್ಲುವುದಿಲ್ಲ. ಪೋಷಕತ್ವದ ಆದೇಶದಲ್ಲೇ ಇನ್ಸುಲಿನ್, ಸ್ಟ್ರಿಪ್, ಸೂಜಿಗಳ ತಿಂಗಳ ಪೂರೈಕೆಯನ್ನು ಹೆಸರಿಸಿ ಬರೆಯುವಂತಾಗಬೇಕು. ಅಂಥ ಮಗುವಿನ ಭತ್ಯೆ ಸಾಮಾನ್ಯ ಭತ್ಯೆಗಿಂತ ಬೇರೆಯಾಗಿರಬೇಕು. ಒಂದು ಮಗುವನ್ನು ಸಂಸ್ಥೆಯಲ್ಲಿ ಇಡಲೂ ಸರ್ಕಾರ ಹಣ ಸುರಿಯುತ್ತದೆ. ಕೀಟೋನ್ ಏರಿ ತೀವ್ರ ನಿಗಾ ಘಟಕ ಸೇರಿದ ಮಗುವಿನ ಒಂದೇ ವಾರದ ಖರ್ಚು ಎಷ್ಟು ತಿಂಗಳ ಸ್ಟ್ರಿಪ್ಪುಗಳಿಗೆ ಸಮವಾದೀತೆಂದು ಯಾವ ಆಸ್ಪತ್ರೆಯ ಲೆಕ್ಕಾಧಿಕಾರಿಯೂ ಹೇಳಬಲ್ಲರು.

ಹಣದಷ್ಟೇ ಮುಖ್ಯವಾದದ್ದು ಅಧಿಕಾರ. ಸಾಕುವವರು ಕಾನೂನಿನ ಕಣ್ಣಿಗೆ ಹೆತ್ತವರಲ್ಲ. ಸಾಮಾನ್ಯ ಮಗುವಿನ ವಿಷಯದಲ್ಲಿ ಶಾಲಾ ಪ್ರವಾಸದ ಸಹಿ ನಾಲ್ಕು ದಿನ ತಡವಾದರೆ ನಡೆದೀತು. ಟೈಪ್ ಒನ್ ಮಗುವಿಗೆ ರಾತ್ರಿ ಎರಡು ಗಂಟೆಗೆ ಡೋಸ್ ಬದಲಿಸಬೇಕಾಗುತ್ತದೆ. ಆಗ ಮಕ್ಕಳ ಕಲ್ಯಾಣ ಸಮಿತಿಯ ಅನುಮತಿ ಕಾಯುವುದು ಯಾರಿಂದಲೂ ಆಗದು. ವೈದ್ಯರ ಯೋಜನೆಯ ಮಿತಿಯೊಳಗೆ ದಿನನಿತ್ಯದ ಡೋಸ್ ನಿರ್ಧಾರ, ತುರ್ತು ಚಿಕಿತ್ಸೆಗೆ ಒಪ್ಪಿಗೆ, ಶಾಲೆಯೊಂದಿಗೆ ಮಾತುಕತೆ, ಈ ಮೂರನ್ನೂ ಮಗುವನ್ನು ಒಪ್ಪಿಸುವ ದಿನವೇ ಲಿಖಿತವಾಗಿ ಕೊಡಬೇಕು. ಶಾಲೆಯ ವಿಷಯದಲ್ಲಿ ಹಿಡಿದುಕೊಳ್ಳಲು ಆಧಾರವೂ ಇದೆ. 2017ರಲ್ಲಿ ಸಿಬಿಎಸ್ಇ ಮಧುಮೇಹದ ಮಕ್ಕಳಿಗೆ ಪರೀಕ್ಷಾ ಕೊಠಡಿಯೊಳಗೆ ತಿಂಡಿ ಒಯ್ಯಲು ಅವಕಾಶ ಕೊಟ್ಟಿತು. ತರಗತಿಯಲ್ಲೇ ಗ್ಲೂಕೋಸ್ ಪರೀಕ್ಷೆ, ಇನ್ಸುಲಿನ್, ತಿಂಡಿಗೆ ಅವಕಾಶ ಇರಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ಹೇಳಿತು. ಈ ಕಾಗದಗಳ ಪ್ರತಿ ಹಿಡಿದು ಮುಖ್ಯೋಪಾಧ್ಯಾಯರ ಮುಂದೆ ಕೂರುವ ಧೈರ್ಯ ಸಾಕುತಾಯಿಗೆ ಬರಬೇಕಾದರೆ, ಮಗುವಿನ ಪರ ಮಾತಾಡುವ ಅಧಿಕಾರ ಆಕೆಯ ಕೈಯಲ್ಲಿ ಕಾಗದದ ಮೇಲಿರಬೇಕು.

ಅಂಕಿಯ ಹಿಂದಿನ ಮಗು

ಇಷ್ಟು ಪುಸ್ತಕ, ಪಟ್ಟಿ, ಸಹಿಗಳ ನಡುವೆ ಮಗು ರೋಗಿಯಾಗಿಯೇ ಉಳಿದುಬಿಡುವುದಿಲ್ಲವೇ ಎಂಬುದು ನಾಲ್ಕನೆಯ ಆಕ್ಷೇಪ. ಎಲ್ಲಕ್ಕಿಂತ ಹೃದಯಕ್ಕೆ ಹತ್ತಿರದ್ದು. ಇದರಲ್ಲಿ ಸತ್ಯಾಂಶವಿದೆ. ಮನೆಗೆ ಬಂದ ಮಗುವಿನ ಮುಖ ನೋಡುವ ಮೊದಲು ಮೀಟರ್ ನೋಡುವ ಮನೆ ಮಗುವಿಗೆ ಮನೆಯೆನಿಸದು. ಆದರೆ ಅನುಭವ ಹೇಳುವುದು ಬೇರೆ. ವ್ಯವಸ್ಥೆ ಇಲ್ಲದ ಕಡೆಯೇ ಆತಂಕ ಜಾಸ್ತಿ. ಆತಂಕ ಜಾಸ್ತಿಯಾದಾಗಲೇ 'ಏನು ತಿಂದೆ, ಯಾಕೆ ತಿಂದೆ' ಎಂಬ ವಿಚಾರಣೆ ಶುರುವಾಗುತ್ತದೆ. ಏನು ಮಾಡಬೇಕೆಂಬುದು ಬರಹದಲ್ಲಿದ್ದರೆ ದೊಡ್ಡವರ ಮನಸ್ಸು ಹಗುರಾಗಿ ಮಗುವಿನ ಆಟಪಾಠಕ್ಕೆ ಬಿಡುವು ಸಿಗುತ್ತದೆ. ಅಲ್ಲದೆ ಮನೆ ಕಳೆದುಕೊಂಡ ಮಗುವಿನ ಮೈಯಲ್ಲಿ ಒತ್ತಡದ ಹಾರ್ಮೋನುಗಳು ಏರಿ ಗ್ಲೂಕೋಸನ್ನೂ ಏರಿಸುತ್ತವೆ. ಹೊಸ ಮನೆಯ ಮೊದಲ ವಾರಗಳಲ್ಲಿ ರೀಡಿಂಗ್ ಹೆಚ್ಚಿದ್ದರೆ ಅದು ಮಗು ಕದ್ದು ತಿಂದದ್ದಕ್ಕೂ ಸಾಕುತಾಯಿಯ ಅಲಕ್ಷ್ಯಕ್ಕೂ ಪುರಾವೆಯಾಗದು. ಇದನ್ನು ಸಮಾಜ ಕಾರ್ಯಕರ್ತರೂ ತಿಳಿದಿರಬೇಕು. ಅಂಕಿಗಳನ್ನು ಪರೀಕ್ಷೆಯ ಮಾರ್ಕ್ಸಿನಂತೆ ಒಳ್ಳೆಯದು ಕೆಟ್ಟದ್ದೆಂದು ಕರೆಯತೊಡಗಿದರೆ ಮಗು ಸುಳ್ಳು ಅಂಕಿ ಬರೆಯಲು ಕಲಿಯುತ್ತದೆ; ಆ ಸುಳ್ಳಿನ ಮೇಲೆ ವೈದ್ಯರು ಡೋಸ್ ಬದಲಿಸುತ್ತಾರೆ.

ಆಹಾರದ ಸಂಗತಿ ಇನ್ನೂ ಸೂಕ್ಷ್ಮ. ಹಸಿವು ಕಂಡ ಮಕ್ಕಳು ದಿಂಬಿನಡಿ ಬಿಸ್ಕತ್ತು ಬಚ್ಚಿಡುವುದು ಸಾಕುಮನೆಗಳಲ್ಲಿ ಎಲ್ಲರೂ ಬಲ್ಲ ಸಂಗತಿ. ನಾಳೆಯ ಊಟದ ಭರವಸೆಯಿಲ್ಲದ ಮನಸ್ಸು ಹಾಗೆ ಮಾಡುತ್ತದೆ. ಟೈಪ್ ಒನ್ ಮಗುವಿನ ಮನೆಯಲ್ಲಿ ಇದಕ್ಕೆ ಬೀಗ ಹಾಕುವುದು, ಗದರುವುದು ಸುಲಭದ ತಪ್ಪು. ಬೀಗ ಹಾಕಿದಷ್ಟೂ ಗುಟ್ಟು ಹೆಚ್ಚುತ್ತದೆ. ಗುಟ್ಟಾಗಿ ತಿಂದದ್ದಕ್ಕೆ ಇನ್ಸುಲಿನ್ ಹೋಗುವುದಿಲ್ಲ. ತಿಂದದ್ದನ್ನು ಬೈಗುಳದ ಭಯವಿಲ್ಲದೆ ಹೇಳಬಹುದಾದ ಮನೆಯಲ್ಲಿ ಡೋಸ್ ಸರಿಹೋಗುತ್ತದೆ. ಬೀಗ ಬೇಕಾದ್ದು ಇನ್ಸುಲಿನ್‌ಗೆ, ಏಕೆಂದರೆ ನೊಂದ ಹದಿಹರೆಯದವರ ಕೈಗೆ ಅದು ಆಯುಧವೂ ಆಗಬಹುದು. ಸಿಹಿ ಬಿಟ್ಟರಾಯಿತು, ರಾಗಿ ಮುದ್ದೆಗೆ ಲೆಕ್ಕ ಬೇಡ ಎಂಬ ನಮ್ಮವರ ನಂಬಿಕೆಯೂ ಇಲ್ಲಿ ಹೊಂದದು. ರಾಗಿಯಲ್ಲೂ ಸುಮಾರು ಮೂರನೇ ಎರಡು ಭಾಗ ಪಿಷ್ಟವೇ. ಅನ್ನದಂತೆ, ಇಡ್ಲಿಯಂತೆ ಅದಕ್ಕೂ ಇನ್ಸುಲಿನ್ ಲೆಕ್ಕ ಹಾಕಬೇಕು. ಲೆಕ್ಕ ಗೊತ್ತಿದ್ದರೆ ಯುಗಾದಿಯ ಹೋಳಿಗೆಯನ್ನೂ ಮಗು ಎಲ್ಲರ ಜೊತೆ ಕೂತು ತಿನ್ನಬಹುದು. ಒಂದೇ ಪಂಕ್ತಿಯಲ್ಲಿ ಕೂರುವ ಹಕ್ಕು ಸಾಕುಮಗುವಿಗೆ ಬೇರೆಲ್ಲ ಮಕ್ಕಳಿಗಿಂತ ಹೆಚ್ಚು ಬೇಕು. ಹದಿಮೂರು ತುಂಬಿತು, ಇನ್ನು ತಾನೇ ನೋಡಿಕೊಳ್ಳಲಿ ಎಂದು ಕೈಬಿಡುವುದೂ ತಪ್ಪು. ಬಾಸ್ಟನ್ನಿನ ಜಾಸ್ಲಿನ್ ಕೇಂದ್ರದಲ್ಲಿ ಬಾರ್ಬರಾ ಆಂಡರ್ಸನ್ ಮತ್ತು ಸಹೋದ್ಯೋಗಿಗಳ ಅಧ್ಯಯನಗಳು, ಹದಿಹರೆಯದಲ್ಲೂ ದೊಡ್ಡವರು ಜಗಳವಿಲ್ಲದೆ ಜೊತೆ ನಿಂತ ಮನೆಗಳ ಮಕ್ಕಳಲ್ಲಿ ಹತೋಟಿ ಚೆನ್ನಾಗಿರುತ್ತದೆಂದು ತೋರಿಸಿವೆ.

ಕೊನೆಯ ಆಕ್ಷೇಪ: ಸಾಕುಮಗು ಒಂದು ದಿನ ಹೆತ್ತವರ ಬಳಿಗೆ ಮರಳುತ್ತದೆ, ಇಷ್ಟೆಲ್ಲ ಕಲಿತು ಏನು ಫಲ? ಮರಳುತ್ತದೆ ಎಂಬ ಕಾರಣಕ್ಕೇ ಕಲಿಕೆ ಸಾಕುಮನೆಗೆ ಸೀಮಿತವಾಗಬಾರದು. ಹೆತ್ತ ತಾಯಿ ಬದುಕಿದ್ದು, ಸಂಪರ್ಕ ಸುರಕ್ಷಿತವೆನಿಸಿದರೆ, ಆಸ್ಪತ್ರೆಯ ತರಬೇತಿಗೆ ಆಕೆಯನ್ನೂ ಸಾಕುತಾಯಿಯ ಪಕ್ಕದಲ್ಲೇ ಕೂರಿಸಬೇಕು. ಇನ್ಸುಲಿನ್ ಕೊಡದ ಮನೆ ಎಂಬ ಕಾರಣಕ್ಕೆ ಮಗುವನ್ನು ಹೊರತಂದಿದ್ದರೆ, ಕೊಡಲು ಕಲಿತ ಮನೆ ಎಂಬುದು ಖಾತ್ರಿಯಾದ ಮೇಲಷ್ಟೇ ಅದನ್ನು ಮರಳಿಸಬೇಕು. ಮೂರು ವರ್ಷ ಡೋಸ್ ಲೆಕ್ಕ ಹಾಕುವುದನ್ನು ನೋಡುತ್ತ ಬೆಳೆದ ಮಗು ಆ ತಿಳಿವಳಿಕೆಯನ್ನು ಎಲ್ಲಿಗೆ ಹೋದರೂ ಜೊತೆಗೆ ಒಯ್ಯುತ್ತದೆ. ಆ ಸಾಕುಮನೆಯ ನಿಜವಾದ ಸಾಧನೆ ಅದೇ.

ಆದ್ದರಿಂದ ಕೇಳಬೇಕಾದ್ದು ಸ್ಪಷ್ಟ. ಕರ್ನಾಟಕದ ಮಕ್ಕಳ ಕಲ್ಯಾಣ ಸಮಿತಿಗಳು ಟೈಪ್ ಒನ್ ಇರುವ ಒಂದು ಮಗುವನ್ನೂ ತರಬೇತಿ ಪಡೆದ ಇಬ್ಬರು ದೊಡ್ಡವರು, ಲಿಖಿತ ಚಿಕಿತ್ಸಾ ಯೋಜನೆ, ಮೊದಲ ತಿಂಗಳ ಇನ್ಸುಲಿನ್ ಮತ್ತು ಸ್ಟ್ರಿಪ್, ಡೋಸ್ ನಿರ್ಧಾರದ ಲಿಖಿತ ಅಧಿಕಾರ, ಈ ನಾಲ್ಕೂ ಇಲ್ಲದೆ ಯಾರ ಮನೆಗೂ ಕಳಿಸಬಾರದು. ಕಾಯಿಲೆಯ ನೆಪ ಹೇಳಿ ಸಂಸ್ಥೆಯಲ್ಲೇ ಉಳಿಸಿಕೊಳ್ಳಲೂ ಬಾರದು. ಸಿಂಗಪುರದಲ್ಲಿ ನೆಲೆಸಿ, 25 ದಾಟಿ, ಮನೆಯಲ್ಲೊಂದು ಹಾಸಿಗೆ ಖಾಲಿಯಿರುವ ಕನ್ನಡ ಕುಟುಂಬಗಳು ಅಲ್ಲಿನ ಪೋಷಕತ್ವ ಯೋಜನೆಯ ಬಾಗಿಲು ತಟ್ಟಿ ವಿಚಾರಿಸಲಿ. ಪಾಳಿ ಕೆಲಸವೆಂದು ಹಿಂಜರಿಯುವುದು ಬೇಡ. ಕರ್ನಾಟಕದ ಓದುಗರು ತಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಲಿ. ಸಾಕುವ ಸ್ಥಿತಿಯಲ್ಲಿಲ್ಲದವರು, ಕಷ್ಟದಲ್ಲಿರುವ ಮಗು ಕಣ್ಣಿಗೆ ಬಿದ್ದಾಗ ಕನಿಷ್ಠ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲಿ. ಇನ್ಸುಲಿನ್ ಚುಚ್ಚುವುದನ್ನು ಯಾರು ಬೇಕಾದರೂ ಕಲಿಯಬಹುದು. ಕಲಿಯಲು ಮುಂದೆ ಬರುವ ಮನೆಗಳು ಬೇಕಾಗಿವೆ.